ಲಿಫ್ಟಿನಲ್ಲಿ ಇನ್ನೂ ಜಾಗ ಇತ್ತು

ಕೆಲಸ ಸಿಗುವ ವಿಷಯದಲ್ಲಿ ನನಗೆ ಯಾವತ್ತೂ ಅನುಮಾನವೇ ಇರಲಿಲ್ಲ. ನಾನು ಕಂಡಕ್ಟರಾಗಿದ್ದ ಖಾಸಗಿ ಬಸ್ಸನ್ನು ಅದರ ಮಾಲೀಕರು ಮಾರಿದ ದಿನ, ಚರ್ಮದ ಬ್ಯಾಗನ್ನು ಗೋಡೆಯ ಮೊಳೆಗೆ ನೇತುಹಾಕಿ, ಹೆಂಡತಿ ರತ್ನಮ್ಮನಿಗೆ ಬಹಳ ಗಂಭೀರವಾಗಿ ಹೇಳಿದೆ:

"ಒಂದು ವಾರ ರೆಸ್ಟ್ ತಗೋತೀನಿ. ಆಮ್ಯಾಕೆ ಎಲ್ಲಾದ್ರೂ ಸೇರ್ಕೊಂಡ್ರಾಯ್ತು. ನೀನು ಹಾಸ್ಟೆಲ್ ಕೆಲಸ ಬುಟ್ಬುಡು. ಮಂಡಿನೋವು ಅಂತೀಯಲ್ಲ."

ಆ ಒಂದು ವಾರ ಎರಡು ವರ್ಷ ದಾಟಿತು. ರತ್ನಮ್ಮ ಹಾಸ್ಟೆಲ್ ಕೆಲಸ ಬಿಡಲಿಲ್ಲ. ಬಿಡದೇ ಇದ್ದದ್ದರಿಂದಲೇ ನಾನು ಇವತ್ತು ಕೂತು ಇದನ್ನು ಬರೆಯುವಷ್ಟು ಗಟ್ಟಿಯಾಗಿದ್ದೇನೆ. ಮಧುಗಿರಿಯ ಒಂದು ಹಾಸ್ಟೆಲಿನಲ್ಲಿ ಅವಳು ಅಡುಗೆಯವಳು. ಬೆಳಗಿನಿಂದ ಸಂಜೆಯವರೆಗೆ ಒಲೆಯ ಮುಂದೆ ನಿಂತು, ಮನೆಗೆ ಬಂದು ಮಂಡಿಗೆ ಬಿಸಿನೀರಿನ ಬಟ್ಟೆ ಕಟ್ಟಿಕೊಂಡು, "ಇವತ್ತೇನಾದ್ರೂ ಆಯ್ತೇನ್ರೀ?" ಎಂದು ಕೇಳುತ್ತಿದ್ದಳು. ಜಗಳದ ದನಿಯಲ್ಲಿ ಕೇಳಿದ್ದರೆ ಉತ್ತರಿಸುವುದು ಸುಲಭವಿತ್ತು. ಅವಳು ಮೆತ್ತಗೆ ಕೇಳುತ್ತಿದ್ದಳು.

ನಮ್ಮ ಬಸ್ಸು ತುಮಕೂರಿನಿಂದ ಹೊರಟು ಕೊರಟಗೆರೆ, ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುತ್ತಿತ್ತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಎಂದಾದ ಮೇಲೆ ಹೆಂಗಸರೆಲ್ಲ ಆ ಬಸ್ ಹತ್ತಿದರು. ಹೆಂಗಸರು ಹತ್ತಿದ ಮೇಲೆ ಅವರ ಹಿಂದೆ ಗಂಡಸರೂ ಹತ್ತಿದರು. ಯಾರ ಮೇಲೂ ನನಗೆ ಸಿಟ್ಟಿಲ್ಲ. ಮೊದಲ ದಿನವೇ ಹತ್ತಿದವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಕೊರಟಗೆರೆಯಲ್ಲಿರುವ ಮಗಳ ಮನೆಗೆ ಹೋಗಲು ಅವಳು ಕಿಟಕಿ ಪಕ್ಕ ಕೂತು, ಎದುರಿಗೆ ಖಾಲಿ ಹೊಡೆಯುತ್ತ ಬರುತ್ತಿದ್ದ ನನ್ನ ಬಸ್ಸಿಗೆ ಕೈಬೀಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಕೆಲಸ ಹುಡುಕುವುದು ಶುರುವಾಯಿತು. ಪೆಟ್ರೋಲ್ ಬಂಕಿನವರು ವಯಸ್ಸು ಕೇಳಿ, "ಯಜಮಾನ್ರೇ, ಮಗ ಇದ್ರೆ ಕಳಿಸ್ರೀ" ಎಂದರು. ನನಗೆ ಮಗನಿಲ್ಲ. ಕೊರಿಯರ್ ಕಚೇರಿಯವರು ಮೂವತ್ತೈದರ ಒಳಗಿರಬೇಕು ಎಂದರು. ನನಗೆ ಐವತ್ನಾಲ್ಕು. ಸೆಕ್ಯುರಿಟಿ ಕೆಲಸ ಕೊಡಿಸುವವನೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಳ್ಳ ಬಂದ್ರೆ ಓಡಿ ಹಿಡೀತೀರಾ?" ಎಂದು ಕೇಳಿದ. ಓಡುವ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಅರ್ಧ ಆಯಸ್ಸು ಕಳೆದವನಿಗೆ ಈ ಪ್ರಶ್ನೆ. "ಕಳ್ಳ ಯಾಕಪ್ಪಾ, ನಿನ್ನನ್ನೇ ಹಿಡೀತೀನಿ, ಓಡು ನೋಡನ" ಎಂದೆ. ಅವನು ಓಡಲಿಲ್ಲ. ಕೆಲಸವನ್ನೂ ಕೊಡಲಿಲ್ಲ.

ಹೀಗಿರುವಾಗ ಹಾಸ್ಟೆಲಿನ ವಾರ್ಡನ್ ರತ್ನಮ್ಮನಿಗೆ ಒಂದು ಸುದ್ದಿ ಹೇಳಿದರು. ಬಹಳ ಕಾಲದಿಂದ ಕೆಲಸವಿಲ್ಲದೆ ಕೂತಿರುವ ನಲವತ್ತೈದು ದಾಟಿದವರಿಗೆ ತರಬೇತಿ ಕೊಟ್ಟು, ಕೆಲಸ ಕೊಡಿಸಲು ಒಂದು ಸಂಸ್ಥೆಯವರು ಮಧುಗಿರಿಯಲ್ಲಿ ನೆರವು ಕೇಂದ್ರ ತೆಗೆದಿದ್ದಾರೆ ಎಂದು.

"ಕೆಲಸ ಹುಡುಕೋದನ್ನ ಕಲಿಸ್ತಾರಂತೆ, ಹೋಗ್ರೀ," ಎಂದಳು ರತ್ನಮ್ಮ.

"ಎರಡು ವರ್ಷದಿಂದ ಅದನ್ನೇ ಮಾಡ್ತಾ ಇದೀನಿ. ಬೇಕಾದ್ರೆ ನಾನೇ ಕಲಿಸ್ತೀನಿ."

"ಕಲಿಸಿ. ಆದ್ರೆ ಹೋಗಿ ಕಲಿಸಿ."

ಹೋದೆ. ಕೇಂದ್ರ ನಡೆಸುತ್ತಿದ್ದವಳು ಕಾವ್ಯ ಎಂಬ ಹುಡುಗಿ. ನನ್ನ ಮಗಳಿಗಿಂತ ಚಿಕ್ಕವಳು. ಅವಳ ಮುಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ನಾವೆಲ್ಲ ಶಾಲೆಯ ಮಕ್ಕಳ ಹಾಗೆ ಕೂತೆವು. ಮುಚ್ಚಿದ ಗಾರ್ಮೆಂಟ್ಸಿನ ಜಯಮ್ಮ, ಎಣ್ಣೆ ಗಿರಣಿಯ ಗುಮಾಸ್ತರು, ಹೀಗೆ ಒಬ್ಬೊಬ್ಬರದು ಒಂದೊಂದು ಕಥೆ. ನನ್ನ ಪಕ್ಕ ಕೂತವರು ರಹಮತ್ ಸಾಬ್. ಶಿರಾದಲ್ಲಿ ಒಂದು ಚಿತ್ರಮಂದಿರದ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ಆ ಚಿತ್ರಮಂದಿರವಿದ್ದ ಜಾಗದಲ್ಲಿ ಈಗ ಕಲ್ಯಾಣ ಮಂಟಪವಿದೆ. ಜೀವಮಾನವಿಡೀ ಕತ್ತಲ ಕೋಣೆಯಲ್ಲಿ ಒಬ್ಬರೇ ಇದ್ದು ಅಭ್ಯಾಸವಾಗಿ ಅವರ ದನಿ ಎಷ್ಟು ತಗ್ಗಿತ್ತೆಂದರೆ, ಪಕ್ಕದಲ್ಲಿದ್ದ ನಾನೇ ಕಿವಿ ಅವರ ಬಾಯಿಯ ಹತ್ತಿರ ಹಿಡಿಯಬೇಕಿತ್ತು. 'ಪಾಪ, ಈ ಮನುಷ್ಯನಿಗೆ ಯಾರು ಕೆಲಸ ಕೊಡುತ್ತಾರೆ' ಎಂದು ನಾನು ಮನಸಾರೆ ಮರುಗಿದೆ.

ಕಾವ್ಯ ಮೇಡಂ ನಮಗೆ ಸಂದರ್ಶನದ ಅಭ್ಯಾಸ ಮಾಡಿಸಿದರು. ಅವರೇ ಕಂಪನಿ, ನಾವು ಅಭ್ಯರ್ಥಿಗಳು.

"ನಿಮ್ಮ ದೌರ್ಬಲ್ಯ ಏನು, ಹೇಳಿ."

"ಸ್ವಲ್ಪ ಶುಗರ್ ಐತೆ ಮೇಡಂ. ಎಡಗಣ್ಣಲ್ಲಿ ಪೊರೆ ಶುರುವಾಗೈತೆ ಅಂತ ಡಾಕ್ಟ್ರು ಅಂದ್ರು."

"ಅದಲ್ಲ ನಂಜುಂಡಪ್ಪನೋರೇ. ಗುಣದಲ್ಲಿ."

"ಗುಣ ಚೆನ್ನಾಗೈತೆ."

"ಐದು ವರ್ಷ ಆದ್ಮೇಲೆ ನೀವು ಎಲ್ಲಿರ್ತೀರಾ?"

"ಇಲ್ಲೇ ಮಧುಗಿರಿಲೇ. ಸ್ವಂತ ಮನೆ. ಎಲ್ಲಿಗೆ ಹೋಗನ?"

ಅಷ್ಟರಲ್ಲಿ ಕೇಂದ್ರದ ಕೆಳಗಿನ ಅಂಗಡಿಯವನು ಮೆಟ್ಟಿಲು ಹತ್ತಿ ಬಂದು, ಏನಾದರೂ ಜಗಳವೇ ಎಂದು ವಿಚಾರಿಸಿದ. ನನ್ನ ದನಿ ಕೇಳಿ ಬಂದಿದ್ದನಂತೆ. ಕಾವ್ಯ ಮೇಡಂ ನನಗೆ ಮೂರು ಬುದ್ಧಿಮಾತು ಹೇಳಿದರು. ದನಿ ತಗ್ಗಿಸಬೇಕು. ಮುಖದಲ್ಲಿ ನಗು ಇರಬೇಕು. ಮೂರನೆಯದನ್ನು ಅವರು ಬೋರ್ಡಿನ ಮೇಲೆ ಬರೆದೇಬಿಟ್ಟರು: ಹಳೆಯ ಅನುಭವವೇ ನಮ್ಮ ಬಂಡವಾಳ, ಅದನ್ನು ಹೊಸ ಕೆಲಸದಲ್ಲಿ ಧೈರ್ಯವಾಗಿ ಬಳಸಿ.

ಮೊದಲೆರಡು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಮೂರನೆಯದು ಎದೆಗೆ ನಾಟಿತು. ನನ್ನ ಎಲ್ಲ ಕಷ್ಟಕ್ಕೂ ಮೂಲ ಆ ಮೂರನೆಯದು.

ಕಾವ್ಯ ಮೇಡಂ ಕಂಡಕಂಡವರಿಗೆಲ್ಲ ಫೋನ್ ಮಾಡಿ, ಕಡೆಗೆ ಶಿರಾದಲ್ಲಿ ಹೊಸದಾಗಿ ತೆರೆದಿದ್ದ ಒಂದು ಮೂರು ಮಹಡಿಯ ಬಟ್ಟೆ ಮಳಿಗೆಯ ಮಾಲೀಕರನ್ನು ಒಪ್ಪಿಸಿದರು. ಮದುವೆಯ ಕಾಲ. ಬಾಗಿಲಲ್ಲಿ ನಿಂತು ಗಿರಾಕಿಗಳಿಗೆ ಕೈಮುಗಿದು ಸ್ವಾಗತ ಕೋರಲು ಒಬ್ಬರು ಬೇಕಾಗಿದ್ದರು. ಮೇಡಂ ನನ್ನ ಹೆಸರು ಕೊಟ್ಟರು. ಒಂದು ದಿನ ಪರೀಕ್ಷೆಗೆ ನಿಲ್ಲಿಸಿಕೊಳ್ಳುತ್ತೇವೆ, ಸರಿಹೋದರೆ ಇವರನ್ನು ಇಟ್ಟುಕೊಂಡು, ನಿಮ್ಮ ಕಡೆಯ ಇನ್ನೂ ಒಬ್ಬಿಬ್ಬರನ್ನು ನೋಡೋಣ ಎಂದಿದ್ದರಂತೆ.

"ನಿಮ್ಮ ಮೇಲೆ ಎಲ್ಲರ ಕಣ್ಣಿದೆ," ಎಂದರು ಕಾವ್ಯ ಮೇಡಂ. "ಮಧ್ಯಾಹ್ನ ನಾನೂ ಬರ್ತೀನಿ. ನೀವು ಕೆಲಸ ಮಾಡೋ ಫೋಟೋ ತೆಗೀಬೇಕು. ನಮ್ಮ ಕೇಂದ್ರದ ಮೊದಲನೇ ಯಶಸ್ಸು ನೀವೇ."

ರಹಮತ್ ಸಾಬ್ ನನ್ನ ಕೈ ಹಿಡಿದು ಏನೋ ಹೇಳಿದರು. ಕೇಳಿಸಲಿಲ್ಲ. ಶುಭವೇ ಇರಬೇಕು.

ಮನೆಯಲ್ಲಿ ರತ್ನಮ್ಮನಿಗೆ ಹೇಳಿದೆ, "ಇನ್ನೊಂದು ತಿಂಗಳು ತಡ್ಕೋ. ಆಮ್ಯಾಕೆ ಕಾಲು ಚಾಚ್ಕೊಂಡು ಮನೇಲಿ ಕೂತ್ಕೋ."

"ಮೊದ್ಲು ನಾಳೆ ಒಂದಿನ ಬಾಯಿ ಮುಚ್ಕೊಂಡು ನಿಂತ್ಕಳ್ರಿ. ನನ್ನ ಕಾಲಿಂದು ಆಮ್ಯಾಕೆ ನೋಡನ," ಎಂದಳು.

ಮಳಿಗೆಯವರು ಕೊಟ್ಟ ಸಮವಸ್ತ್ರ ನೋಡಿ ನಾನೇ ಬೆರಗಾದೆ. ಬಂಗಾರದ ಬಣ್ಣದ ಗುಂಡಿಗಳ ಉದ್ದನೆಯ ಕೋಟು, ಗರಿ ಸಿಕ್ಕಿಸಿದ ಕೆಂಪು ಪೇಟ, ಮೂತಿ ಮೇಲಕ್ಕೆ ತಿರುಗಿದ ಚಡಾವು ಜೋಡು. ಕೋಟನ್ನು ಯಾರೋ ಹುಡುಗನ ಅಳತೆಗೆ ಹೊಲಿಸಿದ್ದರು. ಹೊಟ್ಟೆಯ ಹತ್ತಿರದ ಎರಡು ಗುಂಡಿಗಳು ಒಂದನ್ನೊಂದು ನೋಡುತ್ತಿದ್ದವೇ ಹೊರತು ಸೇರಲಿಲ್ಲ. ಪಿನ್ನು ಹಾಕಿಕೊಂಡೆ. ಪೇಟಕ್ಕೆ ಕನ್ನಡಕ ಒಪ್ಪುವುದಿಲ್ಲ ಎಂದು ಮ್ಯಾನೇಜರ್ ಹೇಳಿದ್ದರಿಂದ ಕನ್ನಡಕ ಜೇಬಿಗೆ ಸೇರಿತು. ಅದರ ಫಲವಾಗಿ ಮೊದಲ ಅರ್ಧ ಗಂಟೆ ನಾನು ಬಾಗಿಲ ಪಕ್ಕದ ಸೀರೆಯುಟ್ಟ ಗೊಂಬೆಗೆ ಪದೇಪದೇ ಕೈಮುಗಿದೆ. ಎಂಥ ಸೊಕ್ಕಿನ ಹೆಂಗಸು, ಒಂದು ಸಲವೂ ತಿರುಗಿ ಕೈಮುಗಿಯಲಿಲ್ಲವಲ್ಲ ಎಂದುಕೊಂಡೆ.

ಬೆಳಿಗ್ಗೆ ವ್ಯಾಪಾರ ಮಂದವಾಗಿತ್ತು. ಜನ ರಸ್ತೆಯಲ್ಲಿ ಹೋಗುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಸುಮ್ಮನೆ ನಿಂತು ಸಂಬಳ ತೆಗೆದುಕೊಳ್ಳುವ ಜಾಯಮಾನ ನನ್ನದಲ್ಲ. ಹಳೆಯ ಅನುಭವವೇ ಬಂಡವಾಳ ಎಂಬ ಮಾತು ನೆನಪಾಯಿತು. ಮೆಟ್ಟಿಲಿಗೆ ಇಳಿದು ಎದೆ ತುಂಬ ಉಸಿರೆಳೆದುಕೊಂಡೆ.

"ಸೀರೆ ಸೀರೆ ಸೀರೆ ಸೀರೇ... ರೇಷ್ಮೆ, ಕಾಟನ್, ಪಂಚೆ, ಪ್ಯಾಂಟ್ ಪೀಸ್... ಬನ್ನಿ ಬನ್ನಿ, ಒಳಗೆ ಜಾಗ ಐತೆ ಬನ್ನಿ!"

ಫಲಿತಾಂಶ ತಕ್ಷಣ ಸಿಕ್ಕಿತು. ರಸ್ತೆಯಲ್ಲಿದ್ದವರೆಲ್ಲ ನಿಂತು ತಿರುಗಿದರು. ಮೂಟೆ ಹೊತ್ತ ಮುದುಕರೊಬ್ಬರು ಲಗುಬಗೆಯಿಂದ ಬಂದು, ನನ್ನನ್ನು ದಾಟಿ ಒಳಗೆ ಹೋಗಿ, ಸೋಫಾದ ಮೇಲೆ ಮೂಟೆ ಇಟ್ಟು ಕೂತರು.

"ಪಾವಗಡಕ್ಕೆ ಎಷ್ಟೊತ್ತಿಗೆ ಬುಡ್ತೀರಾ?" ಎಂದು ಕೇಳಿದರು.

"ಇದು ಬಟ್ಟೆ ಅಂಗಡಿ ಯಜಮಾನ್ರೇ."

"ಗೊತ್ತು ಕಣಪ್ಪಾ. ಬಸ್ಸು ಎಷ್ಟೊತ್ತಿಗೆ?"

ಅವರನ್ನು ಬಸ್ ನಿಲ್ದಾಣದ ಕಡೆ ಕಳಿಸುವಷ್ಟರಲ್ಲಿ ಒಂದಷ್ಟು ಜನ ನಿಜವಾಗಿಯೂ ಒಳಗೆ ಬಂದರು. ನನಗೆ ಹುರುಪೇರಿತು. "ಲೇಡೀಸ್ ಮುಂದಕ್ಕೆ, ಗಂಡಸರು ಹಿಂದಕ್ಕೆ" ಎಂದು ಅವರನ್ನು ವಿಂಗಡಿಸಿದೆ. ಪರಿಣಾಮವಾಗಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಆಗಿ, ಹೆಂಡತಿಯರು ಆರಿಸಿದ್ದಕ್ಕೆ ಹಣ ಕೊಡಬೇಕಾದವರು ಹಿಂದಿನ ಮೂಲೆಯಲ್ಲಿ ಚಡ್ಡಿ ಬನಿಯನ್ನುಗಳ ಮುಂದೆ ನಿಂತಿದ್ದರು. ಮ್ಯಾನೇಜರ್ ಓಡಿಬಂದ. ನನ್ನ ದನಿಯಿಂದ ಪಕ್ಕದ ಔಷಧಿ ಅಂಗಡಿಯವರು ದೂರು ಹೇಳಿದ್ದಾರೆಂದೂ, ಬಾಗಿಲು ಬೇಡವೆಂದೂ, ಒಳಗೆ ಲಿಫ್ಟಿನ ಹತ್ತಿರ ನಿಂತು ಬಂದವರಿಗೆ ದಾರಿ ತೋರಿಸಿದರೆ ಸಾಕೆಂದೂ ಹೇಳಿದ.

"ಅಲ್ಲಿ ಜಾಸ್ತಿ ಮಾತಾಡೋ ಕೆಲಸ ಇರಲ್ಲ," ಎಂದ.

ಆ ಮನುಷ್ಯ ಬಹಳ ಯೋಚಿಸಿ, ಇರುವುದರಲ್ಲಿ ಅಪಾಯವಿಲ್ಲದ ಜಾಗ ಅದೇ ಎಂದುಕೊಂಡಿದ್ದ. ಪಾಪ.

ಮಧ್ಯಾಹ್ನದ ಹೊತ್ತಿಗೆ ಗೌಡಗೆರೆಯ ಕಡೆಯಿಂದ ಒಂದು ಮದುವೆ ದಿಬ್ಬಣವೇ ಬಂದಿಳಿಯಿತು. ಮದುಮಗಳು, ಅವಳ ತಾಯಿ, ಚಿಕ್ಕಮ್ಮಂದಿರು, ಸೋದರಮಾವ, ಮತ್ತು ಇವರೆಲ್ಲರಿಗೂ ಮುಖ್ಯಸ್ಥೆಯಾಗಿ ಹನುಮಕ್ಕ ಎಂಬ ಅಜ್ಜಿ. ಧಾರೆ ಸೀರೆ ಮೂರನೇ ಮಹಡಿಯಲ್ಲಿ. ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಒಂದು ಫಲಕವಿತ್ತು: ಎಂಟು ಜನ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಬಸ್ಸಿನಲ್ಲೂ ಇಂಥ ಫಲಕವಿತ್ತು. ಇಷ್ಟು ಜನ ಕೂರಬಹುದು, ಇಷ್ಟು ಜನ ನಿಲ್ಲಬಹುದು ಎಂದು ಬರೆದಿತ್ತು. ಅದನ್ನು ನಾವು ಯಾವತ್ತೂ ಮಿತಿ ಎಂದು ಓದಿದವರಲ್ಲ. ಅಲ್ಲಿಂದ ಶುರು ಎಂದು ಓದುತ್ತಿದ್ದೆವು.

"ಬನ್ನಿ ಬನ್ನಿ, ಒಳಕ್ಕೆ ಹೋಗಿ. ಅಕ್ಕಾ, ಆ ಮೂಲೇಲಿ ಜಾಗ ಐತೆ. ಅಣ್ಣಾ, ಸ್ವಲ್ಪ ಅಡ್ಡ ನಿಂತ್ಕಳಿ. ಅಜ್ಜೀ, ನೀನು ನನ್ನ ಪಕ್ಕಕ್ಕೆ ಬಾ."

ಎಲ್ಲರೂ ಹತ್ತಿದರು. ನಾನೂ ಹತ್ತಿದೆ. ಪ್ರಯಾಣಿಕರನ್ನು ಕಳಿಸಿ ಕಂಡಕ್ಟರ್ ಕೆಳಗೆ ನಿಲ್ಲುವುದುಂಟೇ? ಲಿಫ್ಟು ಕುಂಯ್ ಕುಂಯ್ ಎಂದು ಬಡಿದುಕೊಂಡಿತು. ಬಾಗಿಲು ಮುಚ್ಚಲಿಲ್ಲ. ಚೀಲಗಳನ್ನೆಲ್ಲ ಹೊರಗೆ ಇಡಿಸಿದೆ. ಸದ್ದು ನಿಂತಿತು. ನೋಡಿದಿರಾ ಎಂಬಂತೆ ಎಲ್ಲರ ಮುಖ ನೋಡಿದೆ. ಸೋದರಮಾವ ಮೆಚ್ಚಿ ತಲೆಯಾಡಿಸಿದ.

ಮೊದಲನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಎದುರಿಗೆ ಮಳಿಗೆಯ ಮಾಲೀಕರಾದ ಪ್ರಕಾಶ್ ಬಾಬು. ಅವರ ಪಕ್ಕ, ಫೋನ್ ಹಿಡಿದು ಸಿದ್ಧವಾಗಿ ನಿಂತ ಕಾವ್ಯ ಮೇಡಂ. ಪ್ರಕಾಶ್ ಬಾಬು ಪಾವಗಡದ ಕಡೆಯವರು. ಸಮಾಧಾನದಲ್ಲಿದ್ದಾಗ ಕನ್ನಡ, ಸಿಟ್ಟು ಬಂದರೆ ತೆಲುಗು. ಆಗ ಕನ್ನಡದಲ್ಲಿದ್ದರು.

"ಫುಲ್ ಆಗಿದೆಯಲ್ಲ, ಹೋಗ್ಲಿ. ನಾವು ಆಮೇಲೆ ಬರ್ತೀವಿ," ಎಂದರು.

ಮಾಲೀಕರನ್ನೇ ಬಿಟ್ಟುಹೋಗುವುದೇ? ನಾನು ಒಂದು ಕೈಯಲ್ಲಿ ಅವರ ಮುಂಗೈ, ಇನ್ನೊಂದು ಕೈಯಲ್ಲಿ ಕಾವ್ಯ ಮೇಡಂ ಬ್ಯಾಗು ಹಿಡಿದು ಒಳಗೆಳೆದುಕೊಂಡೆ. "ಇಬ್ಬರೇ ತಾನೇ ಸಾರ್, ಅಡ್ಜಸ್ಟ್ ಮಾಡ್ಕೊಳ್ಳನ." ಕುಂಯ್ ಕುಂಯ್ ಮತ್ತೆ ಶುರುವಾಯಿತು. ನಾನು ಕೈಯಿಂದ ಬಾಗಿಲನ್ನು ಎಳೆದು, ಭುಜದಿಂದ ಒತ್ತಿ, ಲಿಫ್ಟಿನ ಗೋಡೆಗೆ ಎರಡು ಸಲ ಪಟಪಟ ಬಡಿದು, ಅಭ್ಯಾಸಬಲದಿಂದ ಕೂಗಿದೆ:

"ರೈಟ್!"

ಲಿಫ್ಟು ನನ್ನ ಮಾತು ಕೇಳಿತು. ಸ್ವಲ್ಪ ಮೇಲೆ ಹೋಯಿತು. ಮೈ ಅದುರಿಸಿತು. ನಿಂತಿತು. ಫ್ಯಾನು ನಿಂತಿತು. ದೊಡ್ಡ ದೀಪ ಆರಿ, ಒಂದು ಸಣ್ಣ ದೀಪ ಮಾತ್ರ ಉಳಿಯಿತು.

"ಸ್ಟಾಪ್ ಬಂತೇನಪ್ಪಾ?" ಎಂದು ಕೇಳಿದಳು ಹನುಮಕ್ಕ.

ಪ್ರಕಾಶ್ ಬಾಬು ಸಾಲಾಗಿ ಎಲ್ಲ ಗುಂಡಿಗಳನ್ನೂ ಒತ್ತಿದರು. ಆಮೇಲೆ ನಿಧಾನವಾಗಿ ತಲೆಗಳನ್ನು ಎಣಿಸಿದರು. ಎಣಿಸಿ ಮುಗಿಯುವ ಹೊತ್ತಿಗೆ ತೆಲುಗಿಗೆ ಇಳಿದಿದ್ದರು.

"ಏಮಯ್ಯಾ, ಇಂತಮಂದಿನಿ ಎವರು ಎಕ್ಕಿಂಚಾರು?"

"ನಾನೇ ಹತ್ತಿಸಿದ್ದು ಸಾರ್," ಎಂದೆ. ಪಾವಗಡದ ದಾರಿಯಲ್ಲಿ ದುಡಿದವನಿಗೆ ಅಷ್ಟು ತೆಲುಗು ಬರುತ್ತದೆ. "ಇನ್ನೂ ಜಾಗ ಇತ್ತು."

ಹೊರಗಿನಿಂದ ಮ್ಯಾನೇಜರನ ದನಿ ಕೇಳಿಸಿತು. ಲಿಫ್ಟ್ ರಿಪೇರಿಯವನಿಗೆ ಫೋನ್ ಮಾಡಿದ್ದೇವೆ, ದಾರಿಯಲ್ಲಿದ್ದಾನೆ, ಯಾರೂ ಹೆದರಬೇಡಿ ಎಂದ. ಮದುಮಗಳು ಅಳುವುದಕ್ಕೆ ಶುರುಮಾಡಿದಳು. ನನ್ನ ಕೋಟಿನ ಪಿನ್ನು ಬಿಚ್ಚಿಕೊಂಡು ಸೋದರಮಾವನ ಬೆನ್ನಿಗೆ ಚುಚ್ಚಿತು. ಅವನು ಈಗ ಮೆಚ್ಚಿ ತಲೆಯಾಡಿಸುತ್ತಿರಲಿಲ್ಲ. ಕಾವ್ಯ ಮೇಡಂ ಕತ್ತಲಲ್ಲೂ ನನ್ನ ಕಡೆ ನೋಡಿ, ತುಟಿಯ ಎರಡು ತುದಿಗೆ ಬೆರಳಿಟ್ಟು, ನಗಿ ಎಂದು ಸನ್ನೆ ಮಾಡಿದರು. ನಕ್ಕೆ. ಪ್ರಕಾಶ್ ಬಾಬು ಅದನ್ನು ನೋಡಿದರು.

"ನಗ್ತೀಯೇನಯ್ಯಾ?" ಎಂದವರೇ ಕಾವ್ಯ ಮೇಡಂ ಕಡೆ ತಿರುಗಿದರು. "ಅದ್ಕೇ ನಾನು ಬೇಡ ಅಂದಿದ್ದು. ವಯಸ್ಸಾದೋರನ್ನ ತಗೊಂಡ್ರೆ ಇದೇ ಹಣೆಬರಹ. ಇನ್ನೊಬ್ಬರನ್ನೂ ಕಳಿಸಬೇಡಿ ನೀವು."

ಅಲ್ಲಿಯವರೆಗೆ ನನಗೆ ನಾಚಿಕೆಯಾಗುತ್ತಿತ್ತು. ಆ ಮಾತು ಕೇಳಿದ ಕ್ಷಣ ನಾಚಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಪೆಟ್ರೋಲ್ ಬಂಕು, ಕೊರಿಯರ್ ಕಚೇರಿ, ಕಳ್ಳನ ಪ್ರಶ್ನೆ ಕೇಳಿದವನು, ಎಲ್ಲರೂ ಒಟ್ಟಿಗೆ ಕಣ್ಣ ಮುಂದೆ ಬಂದರು. ಎರಡು ವರ್ಷ ನಾನು ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಎದ್ದು ಒಳಗೆ ಹೋಗುತ್ತಿದ್ದರು. ಈ ಮನುಷ್ಯ ಎಲ್ಲಿಗೆ ಹೋಗುತ್ತಾರೆ? ಬಾಗಿಲೇ ತೆರೆಯುವುದಿಲ್ಲ. ಕೆಲಸ ಕೊಡುವ ಒಬ್ಬ ಯಜಮಾನ ನನ್ನ ಮಾತನ್ನು ಪೂರ್ತಿ ಕೇಳಲೇಬೇಕಾದ ಜಾಗದಲ್ಲಿ ಮೊದಲ ಬಾರಿಗೆ ಸಿಕ್ಕಿದ್ದರು.

"ಸ್ವಾಮೀ," ಎಂದೆ, "ಲಿಫ್ಟ್ ನಿಂತಿದ್ದು ನನ್ನ ವಯಸ್ಸಿಂದ ಅಲ್ಲ. ನನ್ನ ದಡ್ಡತನದಿಂದ. ಇಪ್ಪತ್ತೈದು ವರ್ಷದವನಾಗಿದ್ರೂ ಇಷ್ಟೇ ಜನಾನ ತುಂಬ್ತಿದ್ದೆ. ಇನ್ನೂ ನಾಲ್ಕು ಜನ ಜಾಸ್ತಿ ತುಂಬ್ತಿದ್ದೆ. ದಡ್ಡತನಕ್ಕೆ ಎಷ್ಟು ಬೇಕಾದ್ರೂ ಬೈಯ್ರಿ, ತಲೆ ಬಗ್ಗಿಸ್ಕೊಂಡು ಕೇಳ್ತೀನಿ. ವಯಸ್ಸಿನ ಸುದ್ದಿ ಬೇಡ."

"ದನಿ ಮೆಲ್ಲಗೆ," ಎಂದು ಕಾವ್ಯ ಮೇಡಂ ಪಿಸುಗುಟ್ಟಿದರು.

"ಇಲ್ಲ ಮೇಡಂ, ಇವತ್ತು ಮೆಲ್ಲಗೆ ಆಗಕಿಲ್ಲ. ಸಾರ್, ನನ್ನಂತೋರು ಮಧುಗಿರಿಲಿ ಪ್ಲಾಸ್ಟಿಕ್ ಕುರ್ಚಿ ಮ್ಯಾಲೆ ಕೂತು, ನಿಮ್ಮಂತೋರ ಮುಂದೆ ಹೆಂಗೆ ನಗಬೇಕು ಅಂತ ಕಲೀತಾವ್ರೆ. ಬಟ್ಟೆ ಹೊಲ್ದು ಹೊಲ್ದು ಬೆರಳು ಸೊಟ್ಟ ಮಾಡ್ಕೊಂಡ ಜಯಮ್ಮ ಅವ್ಳೆ. ಊರಿಗೆಲ್ಲ ಸಿನಿಮಾ ತೋರಿಸಿ, ತಾನು ಕತ್ತಲಲ್ಲಿ ಕೂತಿದ್ದ ರಹಮತ್ ಸಾಬ್ ಅವ್ರೆ. ಅವ್ರು ಮಾತಾಡಿದ್ರೆ ಇರುವೆಗೂ ಕೇಳ್ಸಕಿಲ್ಲ. ನನ್ನಂಗೆ ಅಲ್ಲ ಅವರು. ನನ್ನನ್ನ ಈಗ್ಲೇ ಕಳಿಸಿಬುಡಿ, ಬೇಜಾರಿಲ್ಲ. ನಾನು ಮಾಡಿದ್ದಕ್ಕೆ ಅವರಿಗೆ ಬಾಗಿಲು ಮುಚ್ಚಬೇಡಿ."

"ಬಾಗಿಲು ಮುಚ್ಚಿರೋದು ನೀನು," ಎಂದರು ಪ್ರಕಾಶ್ ಬಾಬು. ನ್ಯಾಯವಾದ ಮಾತು.

ಆಗ ಹನುಮಕ್ಕ ಬಾಯಿ ಹಾಕಿದಳು. "ಅಲ್ಲ ಕಣಪ್ಪಾ, ನನ್ನ ವಯಸ್ಸು ನಂಗೇ ಗೊತ್ತಿಲ್ಲ. ಈಗ್ಲೂ ಕಡ್ಲೆಕಾಯಿ ಬಿಡ್ಸಕ್ಕೆ ಹೋಯ್ತೀನಿ. ಹೊಲದಾಗೆ ಒಬ್ರೂ ಕೇಳಿಲ್ಲ, ಎಷ್ಟು ವರ್ಷ ನಿಂಗೆ ಅಂತ. ನೀನ್ಯಾಕೆ ಕೇಳ್ತೀಯಾ? ಬಟ್ಟೆ ಮಾರಕ್ಕೆ ಏನು ಗುದ್ದಾಡಬೇಕಾ?"

"ಅಜ್ಜೀ, ನಿನಗೆ ಗೊತ್ತಾಗಲ್ಲ, ಸುಮ್ನಿರು," ಎಂದ ಸೋದರಮಾವ.

"ನೀನು ಸುಮ್ನಿರ್ಲಾ. ಹೋದ ವರ್ಷದಿಂದ ನೀನೂ ಮನೇಲೇ ಬಿದ್ದಿದ್ದೀಯಾ."

ಸೋದರಮಾವ ಮುಖವನ್ನು ಗೋಡೆಗೆ ತಿರುಗಿಸಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ಅವನೇ ಗೋಡೆಯ ಕಡೆಯಿಂದ ಕಾವ್ಯ ಮೇಡಂ ಅವರನ್ನು ಕೇಳಿದ, "ಆ ಸೆಂಟರು ಮಧುಗಿರಿಲಿ ಎಲ್ಲಿ ಬರ್ತದೆ ಮೇಡಂ?" ಕಾವ್ಯ ಮೇಡಂ ಬ್ಯಾಗಿನಿಂದ ಒಂದು ಕರಪತ್ರ ತೆಗೆದು, ಯಾರದೋ ಕಂಕುಳ ಕೆಳಗಿಂದ ಅವನಿಗೆ ತಲುಪಿಸಿದರು.

ರಿಪೇರಿಯವನು ಬಂದು ಲಿಫ್ಟನ್ನು ಮೊದಲನೇ ಮಹಡಿಗೆ ಇಳಿಸಿ ಬಾಗಿಲು ತೆಗೆದಾಗ ಎಲ್ಲರೂ ಬೆವರಿನಲ್ಲಿ ತೊಯ್ದಿದ್ದರು. ಪ್ರಕಾಶ್ ಬಾಬು ಮೆಟ್ಟಿಲು ಹತ್ತಿ ಹೋದರು. ಮ್ಯಾನೇಜರ್ ನನ್ನ ಹತ್ತಿರ ಬಂದು, ನೀವಿನ್ನು ಹೊರಡಬಹುದು ಎಂದ. ನಾನು ಹೊರಟೆ. ಎಷ್ಟು ಹೆಮ್ಮೆಯಿಂದ ಹೊರಟೆನೆಂದರೆ, ಮೈಮೇಲಿದ್ದ ಸಮವಸ್ತ್ರವನ್ನು ಬಿಚ್ಚಿಕೊಡುವುದೇ ಮರೆತುಹೋಯಿತು. ಮಧುಗಿರಿಗೆ ಹೋಗುವ ಬಸ್ಸಿನಲ್ಲಿ ಕೆಂಪು ಪೇಟ ಸುತ್ತಿಕೊಂಡು ಕೂತಿದ್ದೆ. ನನಗೆ ಟಿಕೆಟ್ ಕೊಡಲು ಬಂದ ಕಂಡಕ್ಟರ್, ಯಾವ ನಾಟಕದ ಕಂಪನಿ ಎಂದು ಕೇಳಿದ.

ಮನೆಯಲ್ಲಿ ರತ್ನಮ್ಮ ಎಲ್ಲ ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮಂಡಿಯ ಬಟ್ಟೆ ಬಿಗಿ ಮಾಡಿಕೊಳ್ಳುತ್ತ, "ಎಷ್ಟು ಜನ ತುಂಬಿದ್ರಿ?" ಎಂದಳು. ಹೇಳಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಅದೇ ಸೆರಗಿನಿಂದ ಮುಖ ಒರೆಸಿಕೊಂಡು, "ಅವ್ರಿಗೆ ಹೇಳಿದ್ದು ಮಾತ್ರ ಸರಿಯಾಗಿ ಹೇಳಿದ್ರಿ," ಎಂದಳು.

ಕೆಲವು ದಿನ ಕಳೆದ ಮೇಲೆ ಕಾವ್ಯ ಮೇಡಂ ಫೋನ್ ಮಾಡಿದರು. ಆ ಮಳಿಗೆಯಲ್ಲಿ ಹೊಸದಾಗಿ ಒಂದು ಹುದ್ದೆ ಹುಟ್ಟಿದೆಯಂತೆ. ಲಿಫ್ಟಿನ ಹತ್ತಿರ ಕೂತು, ಎಂಟು ಜನರಿಗಿಂತ ಜಾಸ್ತಿ ಹತ್ತದ ಹಾಗೆ ನೋಡಿಕೊಳ್ಳುವ ಕೆಲಸ. ನನ್ನ ಎದೆ ಉಬ್ಬಿತು. ಎರಡು ವರ್ಷದಿಂದ ಊರೆಲ್ಲ ಸೇರಿ ನನಗೊಂದು ಕೆಲಸ ಹುಟ್ಟಿಸಲಾಗಲಿಲ್ಲ. ನಾನು ಒಂದೇ ಮಧ್ಯಾಹ್ನದಲ್ಲಿ ಹುಟ್ಟಿಸಿಬಿಟ್ಟಿದ್ದೆ.

"ನನಗೇ ಕೊಡ್ತಾರಾ?" ಎಂದೆ. "ಅನುಭವ ಇರೋನು ನಾನೊಬ್ನೇ."

"ರಹಮತ್ ಸಾಬ್‌ನ ತಗೊಂಡ್ರು," ಎಂದರು ಕಾವ್ಯ ಮೇಡಂ. "ನೀವು ಲಿಫ್ಟಲ್ಲಿ ಅವರ ಹೆಸರು ಹೇಳಿದ್ರಲ್ಲ, ಮಾಲೀಕರಿಗೆ ಅದು ತಲೇಲಿ ಉಳ್ಕೊಂಡಿತ್ತಂತೆ. ಇರುವೆಗೂ ಕೇಳಿಸದ ಹಾಗೆ ಮಾತಾಡೋರು ಒಬ್ಬರಿದ್ದಾರಂತಲ್ಲ, ಅವರನ್ನ ಕಳಿಸಿ ಅಂದ್ರು. ಜಯಮ್ಮನೋರಿಗೂ ಹೊಲಿಗೆ ವಿಭಾಗಕ್ಕೆ ಬರಕ್ಕೆ ಹೇಳಿದ್ದಾರೆ."

ಫೋನ್ ಇಟ್ಟ ಮೇಲೆ ಲೆಕ್ಕ ಹಾಕಿದೆ. ರಹಮತ್ ಸಾಬ್‌ಗೆ ನನಗಿಂತ ಎರಡು ವರ್ಷ ಹೆಚ್ಚು. ವಯಸ್ಸಾಯಿತೆಂದು ಕೆಲಸ ಕೊಡಲಿಲ್ಲ ಎಂದು ಇನ್ನು ಹೇಳುವ ಹಾಗೂ ಇಲ್ಲ. ನನ್ನ ಕೈಯಲ್ಲಿದ್ದ ಅದೊಂದು ದೂರನ್ನೂ ನಾನೇ ವಾದ ಮಾಡಿ ಕಳೆದುಕೊಂಡಿದ್ದೆ. ಆದರೂ ಆ ರಾತ್ರಿ ಊಟ ಚೆನ್ನಾಗಿ ಸೇರಿತು. ಮಾರನೇ ದಿನ ಮತ್ತೆ ಕೇಂದ್ರಕ್ಕೆ ಹೋಗಿ ಮುಂದಿನ ಸಾಲಿನ ಕುರ್ಚಿಯಲ್ಲೇ ಕೂತೆ.

ಬಾಕಿ ಇದ್ದದ್ದು ಸಮವಸ್ತ್ರ. ರತ್ನಮ್ಮ ಅದನ್ನು ಒಗೆದು ಇಸ್ತ್ರಿ ಮಾಡಿಸಿ, ತಾನೂ ಆ ಮಳಿಗೆ ನೋಡಬೇಕೆಂದು ನನ್ನ ಜೊತೆ ಹೊರಟಳು. ಬಸ್ಸಿನಲ್ಲಿ ಅವಳಿಗೆ ಟಿಕೆಟ್ ಇಲ್ಲ, ನನಗಿತ್ತು. ಮ್ಯಾನೇಜರ್ ಕೂರುವುದು ಮೂರನೇ ಮಹಡಿಯಲ್ಲಿ. ಲಿಫ್ಟಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ರಹಮತ್ ಸಾಬ್ ಕೂತಿದ್ದರು. ಅವರ ಕೋಟಿನ ಗುಂಡಿಗಳೆಲ್ಲ ಸೇರಿದ್ದವು. ನನ್ನನ್ನು ಕಂಡು ಎದ್ದು ಎರಡೂ ಕೈಯಿಂದ ನನ್ನ ಕೈ ಹಿಡಿದರು. ಕಣ್ಣು ಒದ್ದೆಯಾಗಿತ್ತು. ಒಳಗೆ ಆಗಲೇ ಏಳು ಜನ ನಿಂತಿದ್ದರು. ರಹಮತ್ ಸಾಬ್ ರತ್ನಮ್ಮನನ್ನು ಮರ್ಯಾದೆಯಿಂದ ಒಳಗೆ ಕಳಿಸಿ, ನನ್ನ ಮುಂದೆ ಕೈ ಅಡ್ಡ ಹಿಡಿದರು. ನಾನು ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ದೆ.

"ಮಾಫ್ ಕರೋ ನಂಜಣ್ಣ. ಎಂಟಾಯ್ತು."

"ನಿಂತ್ಕೊಂಡು ಬರ್ತೀನಿ ಬುಡ್ರೀ."

"ಎಲ್ಲಾ ನಿಂತ್ಕೊಂಡೇ ಹೋಗೋದು ನಂಜಣ್ಣ."

ಬಾಗಿಲು ಮುಚ್ಚಿತು. "ಲಿಫ್ಟು ವಯಸ್ಸಾದೋರಿಗೆ ಇರ್ಲಿ" ಎಂದು ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿ ನಾನು ಮೆಟ್ಟಿಲು ಹತ್ತಿದೆ. ಮೊದಲನೇ ಮಹಡಿ ಸಲೀಸು. ಎರಡನೆಯದರಲ್ಲಿ ಪಂಚೆಗಳನ್ನು ನೋಡುವ ನೆಪದಲ್ಲಿ ನಿಂತೆ. ಮೂರನೆಯದರ ಮೆಟ್ಟಿಲುಗಳನ್ನು ಕಟ್ಟಿದವನು ಅಳತೆ ತಪ್ಪಿ ಎತ್ತರ ಜಾಸ್ತಿ ಮಾಡಿದ್ದಾನೆ. ಇದು ಖಂಡಿತ.

ಮೇಲೆ ರತ್ನಮ್ಮ ಸೋಫಾದ ಮೇಲೆ ಕಾಲು ಚಾಚಿಕೊಂಡು, ಗಿರಾಕಿಗಳಿಗೆ ಕೊಡುವ ಬಾದಾಮಿ ಹಾಲು ಕುಡಿಯುತ್ತಿದ್ದಳು.

"ಯಾಕ್ರೀ ಇಷ್ಟೊತ್ತು?" ಎಂದಳು.

ಹೇಳಬೇಕಾದ್ದು ಬಹಳವಿತ್ತು. ಬಾಯಿ ತೆರೆದೆ. ಔಷಧಿ ಅಂಗಡಿಯವರು ದೂರು ಕೊಟ್ಟ ಆ ದನಿ ಹೊರಡಲೇ ಇಲ್ಲ. ಲಿಫ್ಟಿನ ಬಾಗಿಲು ತೆರೆದು, ನನಗಾಗಿ ಮೇಲೆ ಬಂದಿದ್ದ ರಹಮತ್ ಸಾಬ್ ಇಣುಕಿ, ಇಳಿಯಲು ಈಗ ಜಾಗವಿದೆ, ಬನ್ನಿ ಎಂದು ಸನ್ನೆ ಮಾಡಿದರು. ನಾನು ತಲೆ ಅಡ್ಡಡ್ಡ ಆಡಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಬಂದ ಮೆಟ್ಟಿಲನ್ನೇ ಇಳಿಯತೊಡಗಿದೆ.

ಎರಡನೇ ಮಹಡಿಗೆ ಬಂದಾಗ ನೋಡಿದೆ: ಮೇಲೆ ಕೊಡಬೇಕಾಗಿದ್ದ ಕೋಟು, ಪೇಟ ಇನ್ನೂ ನನ್ನ ಕಂಕುಳಲ್ಲೇ ಇದ್ದವು.